ಆರುನೂರು ಓಮಿನ ಕಿವಿ

ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕಳ್ಳ ಅನ್ನಿಸಿಕೊಳ್ಳುವುದು ಎಷ್ಟೋ ವಾಸಿ ಎಂದು ಆ ದಿನಗಳಲ್ಲಿ ನನಗೆ ಅನ್ನಿಸುತ್ತಿತ್ತು. ಕಳ್ಳನಿಗೆ ಕೈಚಳಕವಾದರೂ ಇರುತ್ತದೆ. ನನಗೆ ಇದ್ದದ್ದು ಎರಡು ಕಿವಿ, ಅವುಗಳ ಮೇಲೇ ನನ್ನ ಹೊಟ್ಟೆಪಾಡು.

ನಾನಿರುವುದು ಹಾಡು ಕೇಳುವ ಯಂತ್ರಗಳನ್ನು ಮಾರುವ ಅಂಗಡಿಯಲ್ಲಿ. ಗಾಜಿನ ವಾಲ್ವ್ ಕೂರಿಸಿದ ಹಳೇ ಮಾದರಿಯ ಆಂಪ್ಲಿಫೈಯರುಗಳಿಗೆಂದೇ ಅಲ್ಲೊಂದು ಒಳಕೋಣೆ ಇದೆ. ಗಿರಾಕಿ ತನ್ನ ಹೆಡ್‌ಫೋನ್ ತರುತ್ತಾನೆ, ಅದಕ್ಕೆ ಒಗ್ಗುವ ಆಂಪ್ಲಿಫೈಯರನ್ನು ನಾನು ಹುಡುಕಿಕೊಡುತ್ತೇನೆ. ಸಂಬಂಧ ಕುದುರಿಸುವ ಕೆಲಸ ಅಂತಲೇ ಇಟ್ಟುಕೊಳ್ಳಿ. ಹೆಡ್‌ಫೋನ್ ವಿದ್ಯುತ್ತಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬುದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಮೂವತ್ತೆರಡು ಓಮಿನದು ಬಾಯಾರಿದವನ ಹಾಗೆ ಗಟಗಟ ಕುಡಿಯುತ್ತದೆ. ಆರುನೂರರದಕ್ಕೆ ಒಂದೊಂದೇ ಗುಟುಕು ಸಾಕು. ಔಟ್‌ಪುಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ಮೊದಲನೆಯದರ ದಾಹ ತೀರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ್ದಕ್ಕೆ ಆ ತಾಕತ್ತಿಲ್ಲ, ಅದಕ್ಕೆ ಆರುನೂರರದೇ ಸರಿಜೋಡಿ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಲೆಕ್ಕ ಮುಗಿದ ಮೇಲೆ ಕೊನೆಯ ಮಾತು ಕಿವಿಯದು. ಅದಕ್ಕೇ ಎಲ್ಲರೂ ನನ್ನನ್ನು ಕಿವಿ ಮೇಷ್ಟ್ರು ಅನ್ನುತ್ತಾರೆ. ಹಾಗನ್ನಿಸಿಕೊಂಡು ಬೀಗಿದ್ದೇನೆ, ಸುಳ್ಳೇಕೆ ಹೇಳಲಿ.

ಮನೆಯಲ್ಲಿ ನಾನೇ ಕೈಯಾರೆ ಕಟ್ಟಿದ ಒಂದು ಆಂಪ್ಲಿಫೈಯರ್ ಇದೆ, ಟ್ರಾನ್ಸ್‌ಫಾರ್ಮರ್ ಇಲ್ಲದ್ದು. ಜೊತೆಗೆ ನನ್ನ ಆರುನೂರು ಓಮಿನ ಹೆಡ್‌ಫೋನ್. ಸಂಜೆ ಬಂದವನೇ ಆಂಪ್ಲಿಫೈಯರ್ ಹಚ್ಚುತ್ತೇನೆ. ವಾಲ್ವ್ ಬಿಸಿಯಾಗುವಷ್ಟರಲ್ಲಿ ಸ್ನಾನ ಮುಗಿಸಿ, ಬಂದು ಕುರ್ಚಿಯಲ್ಲಿ ಕುಳಿತರೆ ಲೋಕ ಮುಳುಗಿದರೂ ಏಳುವವನಲ್ಲ.

ಅಂಥ ಒಂದು ಸಂಜೆ ಹೆಡ್‌ಫೋನ್ ಹಾಕಿಕೊಂಡೆ, ಹಾಡು ಎಲ್ಲೋ ಪಕ್ಕದ ಬೀದಿಯಿಂದ ಬಂದ ಹಾಗೆ ಕೇಳಿಸಿತು. ತಂಬೂರಿ ಇದ್ದೂ ಇಲ್ಲದ ಹಾಗೆ. ತಗ್ಗು ಸ್ವರಗಳಿಗೆ ಮೈಯೇ ಇಲ್ಲ. ಗುಂಡಿ ತಿರುಗಿಸಿ ಜೋರು ಮಾಡಿದೆ. ಮಾರನೆಯ ದಿನವೂ ಅದೇ ಕಥೆ. ಯಂತ್ರವೇ ಕೆಟ್ಟಿರಬೇಕೆಂದು ಅಂಗಡಿಗೆ ಹೊತ್ತೊಯ್ದು ಮೀಟರ್ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ದೋಷವಿಲ್ಲ. ಅಲ್ಲೇ ಒಮ್ಮೆ ಕೇಳಿ ನೋಡಬಹುದಿತ್ತು. ಧೈರ್ಯ ಬರಲಿಲ್ಲ. ಎಲ್ಲರೆದುರು ನನ್ನ ಬಂಡವಾಳ ಬಯಲಾಗಿಬಿಟ್ಟರೆ? ಯಂತ್ರ ಸರಿಯಿದೆ ಅಂದಮೇಲೆ ಕೆಟ್ಟಿರುವುದು ನಾನೇ ತಾನೇ?

ಕಿವಿ ಡಾಕ್ಟರರ ಬೋರ್ಡಿನ ಮುಂದೆ ಓಡಾಡಿದೆ, ಒಳಗೆ ಹೋಗಲಿಲ್ಲ. ಯಾರಾದರೂ ಗುರುತಿನವರು ಕಂಡರೆ ಪಕ್ಕದ ಚಪ್ಪಲಿ ಅಂಗಡಿಯ ಗಾಜು ನೋಡುತ್ತಾ ನಿಲ್ಲುತ್ತಿದ್ದೆ. ಇಷ್ಟು ಚಪ್ಪಲಿ ಯಾಕಪ್ಪಾ ಇವನಿಗೆ ಅಂದುಕೊಂಡಿರಬೇಕು ಅವರು.

ವಿಚಿತ್ರವೆಂದರೆ ನನ್ನ ಹೆಂಡತಿ ಅವಳ ಅಕ್ಕನ ಮನೆಗೆ ಹೋದ ದಿನ ಕಿವಿ ತಾನಾಗಿಯೇ ತೆರೆದುಕೊಂಡಿತು. ಹಾಡು ಎದುರಿಗೇ ಕೂತು ಹಾಡಿದ ಹಾಗೆ. ಅವಳು ಬಂದಳು, ಮತ್ತೆ ಮುಚ್ಚಿಕೊಂಡಿತು. ನಾನು ತಡೆಯದೆ ಅವಳ ಮುಖಕ್ಕೇ ಹೇಳಿದೆ.

"ನೀನು ಮನೇಲಿಲ್ದೇ ಇದ್ರೆ ನನ್ ಕಿವಿ ಚೆನ್ನಾಗಿರುತ್ತೆ ನೋಡು. ನಿನ್ನ ವಟವಟಕ್ಕೇ ಇದು ಕೆಟ್ಟಿರೋದು."

ಅವಳೇನು ಬಾಯಿಲ್ಲದವಳಲ್ಲ, ಮಾತಿಗೆ ಮಾತು ಕೊಡುವವಳೇ. ಅವತ್ತು ಮಾತ್ರ, "ಹಾಗಾದ್ರೆ ಇನ್ನೊಂದೆರಡು ದಿನ ಅಲ್ಲೇ ಇದ್ದು ಬರ್ತಿದ್ದೆ, ಮೊದ್ಲೇ ಹೇಳ್ಬಾರ್ದಾ" ಎಂದು ಒಳಗೆ ಹೋದಳು. ನಾನು ಅದನ್ನು ಗೆಲುವು ಅಂದುಕೊಂಡೆ.

ಅನುಮಾನ ಒಮ್ಮೆ ಒಳಹೊಕ್ಕರೆ ಕೇಳಬೇಕೇ? ಅಂಗಡಿಯಲ್ಲೂ ನನ್ನ ಕಿವಿಯನ್ನು ನಾನು ನಂಬದಾದೆ. ಆಗಲೇ ಒಬ್ಬ ಹಲ್ಲಿನ ಡಾಕ್ಟರು ಮೂವತ್ತೆರಡು ಓಮಿನ ಹೆಡ್‌ಫೋನ್ ಹಿಡಿದು ಬಂದದ್ದು. ಅವರ ಕಣ್ಣು ನೆಟ್ಟದ್ದು ಟ್ರಾನ್ಸ್‌ಫಾರ್ಮರ್ ಇಲ್ಲದ ಒಂದು ಚೆಂದದ ಪೆಟ್ಟಿಗೆಯ ಮೇಲೆ. ಬೇಡ ಸ್ವಾಮಿ, ಇವೆರಡಕ್ಕೂ ಆಗಿಬರಲ್ಲ ಅನ್ನಬೇಕಿತ್ತು. "ಒಂದ್ಸಲ ಕೇಳಿ ಹೇಳಿ ಮೇಷ್ಟ್ರೇ" ಎಂದರು. ಕೇಳಿದೆ. ತಗ್ಗು ಸ್ವರ ಸೊರಗಿತ್ತು, ಹಿಂದೆ ಗುಂಯ್ ಎಂಬ ಸದ್ದು. ಆ ಗುಂಯ್ ನನ್ನ ಕಿವಿಯದೇ, ಸೊರಗಿದ್ದೂ ನನ್ನ ಕಿವಿಯೇ ಅಂದುಕೊಂಡೆ. "ಭೇಷಾಗಿದೆ, ಕಣ್ಮುಚ್ಚಿ ತಗೊಳ್ಳಿ" ಎಂದುಬಿಟ್ಟೆ.

ಒಂದೆರಡು ದಿನದಲ್ಲೇ ಅವರು ಪೆಟ್ಟಿಗೆ ವಾಪಸ್ ತಂದರು. "ಜೇನುಹುಳ ಸಾಕಿದ ಹಾಗಿದೆ ಮೇಷ್ಟ್ರೇ ಇದರಲ್ಲಿ" ಎಂದು ನಗುತ್ತಲೇ ಹೇಳಿದರು. ನಗುತ್ತಾ ಹೇಳಿದವರ ಮೇಲೆ ನಾನು ಎಗರಿಬಿದ್ದೆ.

"ಹಲ್ಲು ಕೊರೆಯೋ ಮೆಷಿನ್ ಸದ್ದು ಕೇಳಿ ಕೇಳಿ ನಿಮ್ ಕಿವಿ ಹಾಳಾಗಿದೆ. ನನ್ ಮೇಲೆ ಹಾಕ್ಬೇಡಿ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರರ ಮುಖ ಸಣ್ಣದಾಯಿತು. ಅಂಗಡಿಯ ಯಜಮಾನರು ನನಗಿಂತ ಕಿರಿಯರು, ಗದರುವ ಜಾಯಮಾನದವರಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿದರು, ಮೆಲ್ಲಗೆ ತೆಗೆದಿಟ್ಟರು. ನನ್ನನ್ನು ಒಳಕೋಣೆಗೆ ಕರೆದು, "ಇದು ಯಾರಿಗಾದ್ರೂ ಕೇಳಿಸುತ್ತಲ್ಲ ಮೇಷ್ಟ್ರೇ, ಏನಾಗಿದೆ ನಿಮ್ಗೆ?" ಎಂದರು.

"ಕಿವಿ ಹೋಗಿದೆ" ಎಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಇನ್ಮೇಲೆ ಬರಲ್ಲ. ಬೇರೆಯವ್ರನ್ನ ನೋಡ್ಕೊಳ್ಳಿ."

ಅವರು ಬೇಡವೆನ್ನಲಿಲ್ಲ. ಎನ್ನುವುದಾದರೂ ಹೇಗೆ? ಕಿವಿಯಿಲ್ಲದ ಕಿವಿ ಮೇಷ್ಟ್ರನ್ನು ಇಟ್ಟುಕೊಂಡು ಏನು ಮಾಡುತ್ತಾರೆ?

ಮನೆಗೆ ಬಂದೆ. ಹೆಂಡತಿಗೆ ಏನೂ ಹೇಳಲಿಲ್ಲ. ರೂಢಿಯಂತೆ ಯಂತ್ರ ಹಚ್ಚಿ ಸ್ನಾನಕ್ಕೆ ಹೋದೆ. ಬಂದು ಕುಳಿತರೆ ಅದೇ ಸೊರಗಿದ ಹಾಡು. ಸಾಕು, ಇದನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದುಕೊಂಡೆ. ಹೆಡ್‌ಫೋನ್ ಕಿವಿಯಲ್ಲಿದ್ದಂತೆಯೇ ಎದ್ದು, ಸ್ಟ್ಯಾಂಡಿನಿಂದ ಯಂತ್ರವನ್ನು ಮುಂದಕ್ಕೆಳೆದೆ. ಏನೋ ಹಿಂದಕ್ಕೆ ಜಗ್ಗಿತು.

ಬಗ್ಗಿ ನೋಡಿದೆ. ಆಂಪ್ಲಿಫೈಯರಿನ ಹಿಂಬದಿಗೆ ನಾನೇ ಇನ್ನೊಂದು ಹೆಡ್‌ಫೋನ್ ಜಾಕ್ ಇಟ್ಟಿದ್ದೆ, ಸ್ನೇಹಿತರು ಬಂದರೆ ಇರಲಿ ಎಂದು. ಯಾರೂ ಬರದೆ ಅದನ್ನು ಮರೆತೇ ಬಿಟ್ಟಿದ್ದೆ. ಅದಕ್ಕೊಂದು ಪಿನ್ನು ಸಿಕ್ಕಿಸಿತ್ತು. ತಂತಿ ಗೋಡೆಗುಂಟ ಇಳಿದು, ಟೀವಿ ಕೇಬಲ್ಲಿಗೆಂದು ಹಿಂದೊಮ್ಮೆ ಕೊರೆದಿದ್ದ ತೂತಿನಲ್ಲಿ ತೂರಿ ಪಕ್ಕದ ಕೋಣೆಗೆ ಹೋಗಿತ್ತು. ಪಿನ್ನು ಕಿತ್ತೆ.

ನನ್ನ ಕಿವಿಯಲ್ಲಿ ಹಾಡು ಭೋರೆಂದು ನುಗ್ಗಿತು. ತಂಬೂರಿಯ ನಾಲ್ಕೂ ತಂತಿ, ಗಾಯಕಿ ಉಸಿರೆಳೆದುಕೊಂಡದ್ದು, ಎಲ್ಲ!

ಅಯ್ಯೋ ನನ್ನ ಬುದ್ಧಿಗಿಷ್ಟು. ಒಂದೇ ಪೈಪಿನಲ್ಲಿ ಕೆಳಗಿನ ಮನೆಯವರು ನಲ್ಲಿ ಪೂರ್ತಿ ಬಿಟ್ಟರೆ ಮೇಲಿನವರಿಗೆ ಸಣ್ಣ ಧಾರೆಯೇ ಗತಿ. ಗಟಗಟ ಕುಡಿಯುವ ಕಡಿಮೆ ಓಮಿನ ಹೆಡ್‌ಫೋನನ್ನು ಯಾರೋ ಹಿಂದೆ ಸಿಕ್ಕಿಸಿದ್ದಾರೆ, ನನ್ನ ಆರುನೂರರದಕ್ಕೆ ಏನು ಉಳಿಯುತ್ತದೆ? ನನ್ನ ಕಿವಿ ಸರಿಯಿದೆ! ಬಿಟ್ಟ ಕೆಲಸ ಮತ್ತೆ ಕೇಳಬಹುದು! ಕೂಗಿಕೊಳ್ಳುವಷ್ಟು ಖುಷಿಯಲ್ಲಿ ಪಕ್ಕದ ಕೋಣೆಯ ಬಾಗಿಲು ತಳ್ಳಿದೆ.

ಹೆಂಡತಿ ಟ್ರಂಕಿನ ಮೇಲೆ ಗೋಡೆಗೊರಗಿ ಕೂತಿದ್ದಳು, ಮಡಿಲಲ್ಲಿ ಅರ್ಧ ಮಡಚಿದ ಬಟ್ಟೆ. ತಲೆಯ ಮೇಲೆ ಮಗಳು ಬಿಟ್ಟುಹೋಗಿದ್ದ ಹಳೇ ಹೆಡ್‌ಫೋನ್. ಕಣ್ಣು ಮುಚ್ಚಿಕೊಂಡು, ನಿಂತುಹೋದ ಹಾಡು ಮತ್ತೆ ಬರುತ್ತದೇನೋ ಎಂದು ಕಾಯುತ್ತಿದ್ದಳು. ನನ್ನನ್ನು ಕಂಡವಳೇ ಗಾಬರಿಯಿಂದ ಅದನ್ನು ಕಿತ್ತು ಬಟ್ಟೆಯ ಕೆಳಗೆ ತೂರಿಸಿದಳು.

"ಇದು ನಿಮ್ದಲ್ಲ ರೀ, ಮಗಳದು. ನೀವು ಸ್ನಾನಕ್ಕೆ ಹೋದಾಗ ಸಿಕ್ಸಿ, ಮಲಗಿದ್ಮೇಲೆ ತೆಗೆದಿಡ್ತಿದ್ದೆ. ನಿಮ್ದನ್ನ ನಾನು ಮುಟ್ಟೇ ಇಲ್ಲ. ಆಣೆಗೂ ಮುಟ್ಟಿಲ್ಲ."

ನನ್ನ ಖುಷಿ ಅಲ್ಲೇ ಸತ್ತಿತು. ಒಮ್ಮೆ ಅವಳು ನನ್ನ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ ಅವಳ ತಲೆಯಿಂದ ನಾನೇ ಕಿತ್ತುಕೊಂಡಿದ್ದೆ. ನಿನ್ ಕಿವಿಗೆ ಯಾವುದಾದ್ರೂ ಒಂದೇ, ಇದನ್ನ ಹಾಳ್ಮಾಡ್ಬೇಡ ಅಂದಿದ್ದೆ. ಅವಳು ಮರೆತಿರಲಿಲ್ಲ. ನಾನು ಮರೆತಿದ್ದೆ.

ಬಟ್ಟೆಯ ಕೆಳಗಿಂದ ಹೆಡ್‌ಫೋನ್ ತೆಗೆದು ನೋಡಿದೆ. ಕಿವಿ ಮುಚ್ಚುವ ಎರಡೂ ಬಟ್ಟಲಿನೊಳಗೆ ಹತ್ತಿ ತುರುಕಿತ್ತು.

"ಇದ್ಯಾಕೆ?"

"ಈಚೀಚೆಗೆ ನೀವು ತುಂಬಾ ಜೋರಾಗಿ ಇಡ್ತಿದ್ರಲ್ಲ. ಕಿವಿ ನೋಯ್ತಿತ್ತು. ಜೋರು ಕಮ್ಮಿ ಮಾಡಿ ಅಂತ ಹೇಗೆ ಹೇಳ್ಲಿ?"

ಮಾತು ತೋಚದವನಿಗೆ ಬಾಯಿಪಾಠವೇ ಗತಿ. ನಿನ್ನದು ಮೂವತ್ತೆರಡು, ನನ್ನದು ಆರುನೂರು, ಒಂದೇ ಯಂತ್ರಕ್ಕೆ ಎರಡೂ ಹಾಕಿದರೆ ಹೀಗಾಗುತ್ತದೆ ಎಂದು ಗಿರಾಕಿಗೆ ಹೇಳುವಂತೆ ಎಲ್ಲ ಒದರಿದೆ. ದಿನಬೆಳಗಾದರೆ ಊರವರಿಗೆಲ್ಲ ಹೇಳುವುದನ್ನು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ನಿಮ್ ಕಿವಿ ಸರಿಯಿದೆ ತಾನೆ?"

"ಹ್ಞೂಂ."

"ಅಷ್ಟು ಸಾಕು. ನಂಗೊತ್ತಿರ್ಲಿಲ್ಲ ರೀ, ತಪ್ಪಾಯ್ತು. ಇನ್ಮೇಲೆ ನಾನು ಕೇಳಲ್ಲ."

ತಂತಿಯನ್ನು ತೂತಿನಿಂದ ಎಳೆದು ಮೊಣಕೈಗೆ ಸುತ್ತತೊಡಗಿದಳು. ತಪ್ಪು ನನ್ನದು ಕಣೇ ಅನ್ನಲು ಬಾಯಿ ತೆರೆದೆ. ಬೇರೆಯವರ ಮೇಲೆ ಎಗರಲು ಬರುವ ಮಾತು ಇದಕ್ಕೆ ಬರಲಿಲ್ಲ, ಥೂ ನನ್ನ ಜನ್ಮಕ್ಕೆ.

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಂಗಡಿಗೆ ಹೋದೆ. ಪೆಟ್ಟಿಗೆ ಬದಲಾಯಿಸಿಕೊಳ್ಳಲು ಹಲ್ಲಿನ ಡಾಕ್ಟರೂ ಬಂದು ಕೂತಿದ್ದರು. ನಿನ್ನೆ ಆಡಿದ ಮಾತಿಗೆ ಅವರ ಕ್ಷಮೆ ಕೇಳಿದೆ. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ತೆಗೆದು ಅವರ ಹೆಡ್‌ಫೋನ್ ಸಿಕ್ಕಿಸಿ ಕೊಟ್ಟೆ. ಅವರು ಹಾಕಿಕೊಂಡು ತಲೆದೂಗತೊಡಗಿದರು.

ಯಜಮಾನರು ಹತ್ತಿರ ಬಂದರು. "ಕಿವಿ ಹೋಗಿದೆ ಅಂದ್ರಿ, ಇದನ್ನ ಸರಿಯಾಗಿ ಆರಿಸಿದ್ರಲ್ಲ?"

"ಕಿವಿ ಸರಿಯಿದೆ. ಮನೇಲಿ ಹಿಂದಿನ ಜಾಕಿಗೆ ನನ್ ಹೆಂಡ್ತಿ ಮೂವತ್ತೆರಡು ಓಮಿಂದು ಸಿಕ್ಸಿದ್ಲು. ನಂಗೆ ಗೊತ್ತಿರ್ಲಿಲ್ಲ. ನಿಮ್ಗೆ ಇಷ್ಟ ಇದ್ರೆ ಮತ್ತೆ ಕೆಲ್ಸಕ್ಕೆ ಬರ್ತೀನಿ."

ಯಜಮಾನರು ಗಟ್ಟಿಯಾಗಿ ನಕ್ಕರು. "ಅದಕ್ಕೇನಂತೆ, ಧಾರಾಳವಾಗಿ ಬನ್ನಿ. ಅಲ್ಲಾ, ನಿಮ್ಗೆ ಗೊತ್ತಿಲ್ದೇ ಅಂದ್ರೆ? ಅವ್ರ ಮನೇಲಿ ಅವ್ರು ಕದ್ದು ಯಾಕೆ ಕೇಳ್ಬೇಕು?"

ತಂತಿ ಸಡಿಲವಾಗಿತ್ತು, ಆಕೆಗೆ ನಾಚಿಕೆ, ಹೀಗೆ ಏನೇನೋ ಸುಳ್ಳು ನಾಲಗೆಯ ತುದಿಗೆ ಬಂದವು. ನಿನ್ನೆ ಅವಳು ತಂತಿ ಸುತ್ತುತ್ತಿದ್ದುದು ಕಣ್ಣಿಗೆ ಕಟ್ಟಿತು.

"ನಂಗೆ ಹೆದ್ರಿಕೊಂಡು" ಎಂದೆ.

ಯಜಮಾನರ ನಗು ನಿಂತಿತು. ಅದನ್ನು ಕಂಡು ಹಲ್ಲಿನ ಡಾಕ್ಟರು ಹೆಡ್‌ಫೋನ್ ತೆಗೆದು, "ಏನಂದ್ರಿ ಮೇಷ್ಟ್ರೇ? ನಂಗೆ ಕೇಳಿಸ್ಲಿಲ್ಲ" ಎಂದರು.

ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಬೇಕಾಯಿತು.