ಕೆಂಪು ಫಿಲ್ಟರ್

ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಕಡಲಿನಾಚೆ ಗಿಳಿಯೊಂದರಲ್ಲಿ ಇರುತ್ತಿತ್ತು. ನನ್ನ ಪಿಕಪ್ಪಿನ ಪ್ರಾಣ ಎಲ್ಲಿದೆಯೆಂದು ತೋರಿಸಿಕೊಟ್ಟವರು ಮಾವ, ಅಮ್ಮನ ತಮ್ಮ. ಬಾನೆಟ್ ಎತ್ತಿ, ಬ್ಯಾಟರಿಯ ಪಕ್ಕದ ಕಪ್ಪು ಡಬ್ಬಿಯನ್ನು ತಟ್ಟಿ, "ಇದು ಗಾಡಿ ಮೂಗು ಕಣೇ. ಡೀಸೆಲ್ ಇಂಜಿನ್ ಧೂಳು ಕುಡೀತೋ, ಮುಗೀತು ಕಥೆ" ಎಂದಿದ್ದರು.

ನನ್ನದು ಧೂಳಿನದೇ ಕೆಲಸ. ಕ್ರಷರ್‌ನಿಂದ ಜಲ್ಲಿ, ಕಲ್ಲುಪುಡಿ ತುಂಬಿಕೊಂಡು ಮನೆ ಕಟ್ಟುವ ಜಾಗಗಳಿಗೆ ಸಾಗಿಸುವುದು. ಕ್ರಷರ್ ಸುತ್ತ ಮರದ ಎಲೆಗಳಿಗೂ ಬೂದಿ ಬಣ್ಣ. ಯಾರೋ ಶಾಪ ಕೊಟ್ಟ ಊರಿನ ಹಾಗೆ. ಆ ಊರಿನೊಳಗೆ ಹೋಗಿ ಜೀವಂತ ಹೊರಬರುವ ಕುದುರೆ ನನಗಿದ್ದದ್ದು ಇದೊಂದೇ.

ಆ ಡಬ್ಬಿಯೊಳಗಿನ ಹಳೆಯ ಕಾಗದದ ಏರ್ ಫಿಲ್ಟರ್ ಬದಲಿಸಬೇಕಾದಾಗ ಮಾವನ ಬಿಡಿಭಾಗಗಳ ಅಂಗಡಿಗೇ ಹೋದೆ. ಅವರು ಕಪಾಟಿನ ಮೇಲಿಂದ ಒಂದು ಪೆಟ್ಟಿಗೆ ಇಳಿಸಿ, ಕೆಂಪಗೆ ಹೊಳೆಯುವ ಬಟ್ಟೆಯ ಫಿಲ್ಟರ್ ತೆಗೆದರು.

"ತೊಳಿ, ಎಣ್ಣೆ ಹಚ್ಚು, ಮತ್ತೆ ಹಾಕು. ಗಾಡಿ ಇರೋವರೆಗೂ ಇದೊಂದೇ ಸಾಕು."

"ಕ್ರಷರ್ ಧೂಳಿಗೆ ತಡೆಯುತ್ತಾ ಮಾವ?"

"ನನ್ನ ಗಾಡೀಲೂ ಇದೇ ಇರೋದು. ಇನ್ನೇನು ಆಣೆ ಮಾಡ್ಲಾ?"

ಅಷ್ಟು ಸಾಕಾಯಿತು.

ಕ್ರಷರ್‌ನ ಡ್ರೈವರುಗಳಲ್ಲಿ ಒಂದು ರೂಢಿಯಿದೆ. ವಾರದ ಕೊನೆಗೆ ಎಲ್ಲರೂ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಕೊಳವೆ ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸುತ್ತಾರೆ. ಬಟ್ಟೆ ಬೆಳ್ಳಗೇ ಬಂದರೆ ಇಂಜಿನ್ ಕ್ಷೇಮ.

"ನಂದು ನೋಡೋದೇ ಬೇಡ, ನಮ್ಮ ಮಾವ ಕೊಟ್ಟಿದ್ದು" ಎಂದುಬಿಡುತ್ತಿದ್ದೆ.

"ಹೌದಮ್ಮಾ, ನಿಮ್ಮ ಮಾವನಿಗೆ ಧೂಳೂ ಹೆದರುತ್ತೆ!" ಎಂದು ಜೊತೆಯ ಡ್ರೈವರ್ ಗಡ್ಡದಣ್ಣ ನಗುತ್ತಿದ್ದ.

ನಾನು ಆ ಫಿಲ್ಟರನ್ನು ತೊಳೆದು, ಅಜ್ಜಿ ನನ್ನ ತಲೆಗೆ ಹಚ್ಚುತ್ತಿದ್ದಷ್ಟೇ ಅಕ್ಕರೆಯಿಂದ ಎಣ್ಣೆ ಹಚ್ಚುತ್ತಿದ್ದೆ.

ಆಮೇಲೊಂದು ದಿನ ಪಿಕಪ್ ಏರಿನಲ್ಲಿ ಏದುಸಿರು ಬಿಟ್ಟಿತು. ಹಿಂದೆ ಹೊಗೆ. ಗಡ್ಡದಣ್ಣ ಕೇಳದೆಯೇ ಕೊಳವೆ ಬಿಚ್ಚಿ ಒರೆಸಿದ. ಬಟ್ಟೆ ಬೂದಿ ಬಣ್ಣವಾಗಿ ಬಂತು. ಬೆರಳಲ್ಲಿ ತಿಕ್ಕಿದರೆ ಗರಗರ. ಅವನು ಈ ಸಲ ನಗಲಿಲ್ಲ. ಮೆಕ್ಯಾನಿಕ್ ಬಂದು ಇಂಜಿನ್ ಆಯಿಲಿನ ಮುಚ್ಚಳ ತೆಗೆದು, ಅಲ್ಲಿಂದ ಹೊಗೆ ಏಳುವುದನ್ನು ತೋರಿಸಿ, "ಧೂಳಿಗೆ ಒಳಗಿನ ಪಿಸ್ಟನ್ ರಿಂಗ್ ಸವೆದಿದೆ. ಇನ್ಮೇಲೆ ಇದು ಅರ್ಧ ಲೋಡಿನ ಗಾಡಿ" ಎಂದ.

ಮಾವನಿಗೆ ಫೋನ್ ಮಾಡಿದೆ.

"ಕನಸು ಕಾಣ್ತಾ ಎಣ್ಣೆ ಹಚ್ಚಿರ್ತೀಯ" ಎಂದರು. "ನಂದು ನೋಡು, ಹೇಗೆ ಓಡ್ತಿದೆ!"

ಇರಬಹುದು ಅನಿಸಿತು. ಸ್ಟೀರಿಂಗ್ ಮೇಲೆ ಹಣೆಯಿಟ್ಟು ಪಿಕಪ್ಪಿನ ಕ್ಷಮೆ ಕೇಳಿದೆ.

ಕೆಲವು ದಿನಗಳ ನಂತರ ಮಾವನ ಗಾಡಿಯ ಬ್ಯಾಟರಿ ಕೂತುಹೋಯಿತೆಂದು ಅತ್ತೆ ನನ್ನನ್ನು ಕರೆದರು. ಎರಡು ಪಿಕಪ್ಪುಗಳನ್ನೂ ಮೂತಿಗೆ ಮೂತಿ ನಿಲ್ಲಿಸಿ ಕೇಬಲ್ ಜೋಡಿಸಿದೆ. ಮಾವ ಹತ್ತಿರವೇ ನಿಂತಿದ್ದರು. ಅವರ ಬ್ಯಾಟರಿಯ ಪಕ್ಕದಲ್ಲೇ ಕಪ್ಪು ಡಬ್ಬಿ. ಮಾವ ಎಣ್ಣೆ ಹೇಗೆ ಹಚ್ಚುತ್ತಾರೋ ನೋಡಿ ಕಲಿಯೋಣವೆಂದು ಕ್ಲಿಪ್ ಬಿಡಿಸಿದೆ.

ಒಳಗೆ ಕಾಗದದ ಫಿಲ್ಟರ್. ಮಡಿಕೆ ಮಡಿಕೆಯಾಗಿ, ಅಚ್ಚುಕಟ್ಟಾಗಿ.

ನಾನು ನನ್ನ ಗಾಡಿಯಿಂದ ಕೆಂಪನೆಯದನ್ನು ತೆಗೆದು ತಂದೆ. "ಮಾವ, ಎರಡೂ ಒಂದೇ ಮಾಡೆಲ್ ಅಲ್ವಾ? ಇದನ್ನ ನಿಮ್ಮದಕ್ಕೆ ಹಾಕ್ತೀನಿ."

ಅವರ ಅಂಗೈ ತಟ್ಟನೆ ಡಬ್ಬಿಯ ಬಾಯಿಗೆ ಅಡ್ಡ ಬಂತು. ತಮ್ಮ ಕೈಯನ್ನು ಅವರೇ ನೋಡಿಕೊಂಡರು. ಆದರೂ ತೆಗೆಯಲಿಲ್ಲ.

"ಮಾಲು ಉಳಿದುಬಿಟ್ಟಿತ್ತು ಕಣೇ" ಎಂದರು. "ಹೊರಗಿನವರಿಗೆ ಕೊಟ್ರೆ ಮಾರನೇ ವಾರವೇ ತಂದು ಮುಖಕ್ಕೆ ಎಸೀತಾರೆ. ನೀನಾದ್ರೆ ವಾಪಸ್ ತರೋದಿಲ್ಲ ಅಂತ..."

ಅಜ್ಜಿಯ ಕಥೆಯಲ್ಲಿ ಆ ಗಿಳಿಯ ಗುಟ್ಟನ್ನು ಹೊರಹಾಕುವವಳು ರಾಕ್ಷಸನ ಸ್ವಂತ ಮಗಳು. ಚಿಕ್ಕವಳಿದ್ದಾಗ ನಾನು ಅವಳ ಕಡೆಗಿರುತ್ತಿದ್ದೆ. ರಾಕ್ಷಸನಿಗೆ ಆಗ ಏನನಿಸಿರಬಹುದೆಂದು ಒಂದು ಸಲವೂ ಕೇಳಿರಲಿಲ್ಲ.

ಅವರ ಗಾಡಿ ಸ್ಟಾರ್ಟ್ ಆಯಿತು. ಕೇಬಲ್ ಸುತ್ತಿಕೊಂಡು, ಕೆಂಪು ಫಿಲ್ಟರನ್ನು ಅವರ ಸೀಟಿನ ಮೇಲೆ ಇಟ್ಟೆ. ಫಿಲ್ಟರ್ ಇಲ್ಲದ ನನ್ನ ಪಿಕಪ್ಪನ್ನು ಅಲ್ಲೇ ಬಿಟ್ಟು, ಬಿಸಿಲಲ್ಲಿ ನಡೆದು, ಪೇಟೆಯ ಆ ತುದಿಯ ಬೇರೊಬ್ಬರ ಅಂಗಡಿಗೆ ಹೋದೆ.

"ಕಾಗದದ್ದೇ ಒಳ್ಳೇದಮ್ಮ, ಕಣ್ಮುಚ್ಚಿ ಹಾಕ್ಕೊಳ್ಳಿ" ಎಂದರು ಅಂಗಡಿಯ ಮುದುಕರು.

"ಮೊದ್ಲು ನಿಮ್ಮ ಗಾಡಿ ಬಾನೆಟ್ ತೆಗೀರಿ."

"ನಂದು ಸೈಕಲ್ಲು ತಾಯಿ!"

ನಗು ಬಂತು. ನಗುತ್ತಲೇ ಪೆಟ್ಟಿಗೆ ಬಿಚ್ಚಿಸಿ, ಫಿಲ್ಟರನ್ನು ಬೆಳಕಿಗೆ ಹಿಡಿದು, ಒಂದೊಂದೇ ಮಡಿಕೆಯನ್ನು ಬಿಡಿಸಿ ನೋಡತೊಡಗಿದೆ.