ಬೆಲ್ಲ ಕಲಸಿದ ಮಳೆನೀರು

ಹರಿವೆ ಮಡಿಯ ಮೇಲೆ ನೆರಳು ಬಿತ್ತು, ಮೋಡ ಬಂತು ಅಂದುಕೊಂಡೆ, ಏಪ್ರಿಲ್‌ನಲ್ಲಿ ಬೆಳಗ್ಗೆಯೇ ಮೋಡ ಕಟ್ಟಿದರೆ ಸಂಜೆಗೆ ಇನ್ನೊಂದು ಮಳೆ, ಡ್ರಮ್ಮು ಮತ್ತೆ ತುಂಬುತ್ತದೆ — ಮೋಡ ಹೀಗೆ ಉಸಿರು ಬಿಡುವುದಿಲ್ಲವಲ್ಲ, ತಲೆ ಎತ್ತಿದೆ, ಆನೆ. ಒಂಟಿ ಆನೆ, ನನ್ನಿಂದ ಹತ್ತು ಹೆಜ್ಜೆ, ಸೊಂಡಿಲು ನನ್ನ ನೀಲಿ ಡ್ರಮ್ಮಿನೊಳಗೆ. ನಾನು ಬಸಳೆ ಚಪ್ಪರದ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದೇನೆ, ಕೈಯಲ್ಲಿ ಖಾಲಿ ಬಕೆಟ್ಟು, ಬಸಳೆ ಎಷ್ಟು ದಪ್ಪ ಬೆಳೆದಿದೆ ಎಂದು ನಿನ್ನೆ ತಾನೇ ಹಿಗ್ಗಿದ್ದೆ, ಈಗ ನೋಡಿದರೆ ಬರೀ ತೂತು, ಎಲೆಗಿಂತ ತೂತೇ ಹೆಚ್ಚು. ಅಲುಗಾಡಬಾರದು. ಸೊಂಡಿಲು ಮೇಲೆ ಬಂತು, ತುದಿಯಿಂದ ನೀರು ತೊಟ್ಟಿಕ್ಕಿತು, ಬಾಯೊಳಗೆ ಹೋಯಿತು, ಮತ್ತೆ ಡ್ರಮ್ಮಿಗೆ. ಬರೀ ನೀರಿಗೆ ಬಂದದ್ದಲ್ಲ ಅದು, ಹಳ್ಳದಲ್ಲಿ ಬೇಕಾದಷ್ಟು ನೀರಿದೆ, ಬೆಲ್ಲಕ್ಕೆ ಬಂದದ್ದು, ಕರೆದವಳು ನಾನೇ. ಕಾಫಿ ಹೂ ಅರಳಿಸುವ ಹೂಮಳೆಯ ನೀರು ಮನೆಯ ಮಾಡಿನಿಂದ ಪೈಪಿನಲ್ಲಿ ಇಳಿದು ಡ್ರಮ್ಮು ತುಂಬಿತ್ತು, ಗಿಡಗಳಿಗೆ ಹಾಕುವ ಜೀವಾಮೃತಕ್ಕೆ ಬೋರ್‌ವೆಲ್ ನೀರಿಗಿಂತ ಮಳೆನೀರೇ ಒಳ್ಳೆಯದು ಎಂದು ಯಾರೋ ಹೇಳಿದ್ದರು, ಸಗಣಿ ಗಂಜಲ ಕಡಲೆಹಿಟ್ಟು ಬೆಲ್ಲ ಎಲ್ಲ ಒಟ್ಟಿಗೇ ಕಲಸಬೇಕಿತ್ತು, ಆದರೆ ನಿನ್ನೆ ಸಂಜೆ ಸ್ನಾನ ಮಾಡಿಯಾಗಿತ್ತು, ಸಗಣಿಗೆ ಕೈ ಹಾಕಲು ಬೇಸರ, ಬೆಲ್ಲವನ್ನಾದರೂ ನೆನೆಸಿಡೋಣ, ಉಳಿದದ್ದು ಬೆಳಗ್ಗೆ ನೋಡಿಕೊಂಡರಾಯಿತು — ರಾತ್ರಿಯಿಡೀ ಗಾಳಿಯಲ್ಲಿ ಬೆಲ್ಲದ ವಾಸನೆ ಬಿಟ್ಟು ನಾನು ಹಾಯಾಗಿ ನಿದ್ದೆ ಮಾಡಿದೆ. ಅರಣ್ಯ ಇಲಾಖೆಯ ಶೇಷಪ್ಪ ಮನೆ ಮನೆಗೆ ಬಂದು ಹೇಳಿ ಹೋಗಿದ್ದ, ಹಲಸು ಹಣ್ಣಾಗಕ್ಕೆ ಬಿಡ್ಬೇಡಿ ಅಕ್ಕಾ, ಬಾಳೆಗೊನೆ, ಹೊಟ್ಟು, ಉಪ್ಪು ಯಾವ್ದೂ ಹೊರಗೆ ಇಡ್ಬೇಡಿ, ಮೂಗು ಭಾರೀ ಚುರುಕು ಅದ್ಕೆ. ನಮ್ಮನೇಲಿ ಎಲ್ಲಾ ತೆಗ್ಸಿದೀವಿ ಶೇಷಪ್ಪಣ್ಣ, ಇನ್ನು ಬಂದ್ರೂ ಅದ್ಕೆ ಉಪವಾಸನೇ ಎಂದು ನಕ್ಕಿದ್ದೆ. ಎಂಥ ಜಂಬ. ನನ್ನ ಗಂಡ ಹಾಲೇಶ್ ಎಳೆ ಹಲಸನ್ನೆಲ್ಲ ಕಡಿದು ಊರಿಗೆ ಹಂಚಿದರು, ಅವರು ಈಗ ಗೋಣಿಬೀಡಿನ ಡೇರಿಗೆ ಹಾಲು ಹಾಕಿ ಯಾರ ಜೊತೆಗೋ ಹರಟುತ್ತಿರಬೇಕು, ಆನೆ ಎಲ್ಲಿದೆ ಎಂದು ತಿಳಿಸುವ ಗ್ರೂಪಿಗೆ ಮೆಸೇಜು ಬಂದಿರುತ್ತದೆ, ಫೋನು ಅಡುಗೆಮನೆಯಲ್ಲಿ ಚಾರ್ಜಿಗಿದೆ. ನೀರಿನ ಸದ್ದು. ಒದ್ದೆ ತುದಿ ಮೇಲೆ, ಬಾಯಿಗೆ, ಕೆಳಗೆ. ಕುಡಿ ಮಾರಾಯ, ಎಲ್ಲ ಕುಡಿ, ಕುಡಿದು ಬಂದ ದಾರಿಯಲ್ಲೇ ಹೋಗು, ಹರಿವೆ ತುಳಿದರೂ ಬೇಜಾರಿಲ್ಲ.

ಗಂಟೆ ಎಷ್ಟು? ಬಚ್ಚಲ ಹೊಗೆ ನಿಂತಿದೆ, ಅಂದರೆ ಅತ್ತೆಯ ಸ್ನಾನ ಮುಗಿದಿದೆ, ಅಯ್ಯೋ ಶಿವನೇ, ಸ್ನಾನ ಮುಗಿದರೆ ಹೂವು, ಹೂಬುಟ್ಟಿ ಹಿಡಿದು ಹಿತ್ತಿಲ ಬಾಗಿಲಿಗೇ ಬರುತ್ತಾರೆ, ನಂದಿಬಟ್ಟಲು ಗಿಡ ಇರುವುದು ಡ್ರಮ್ಮಿನ ಪಕ್ಕದಲ್ಲೇ, ಮಳೆನೀರು ಕುಡಿದು ಗಿಡ ಮೈತುಂಬ ಹೂ ಬಿಟ್ಟಿದೆ ಎಂದು ಹೊಗಳಿದ್ದೂ ಅವರೇ. ಕೂಗಲೇ? ಕೂಗಿದರೆ ಆನೆಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ, ಕಿವಿಯ ಮೆಷಿನ್ನು ಹಾಕುವುದು ಪೂಜೆಯಾದ ಮೇಲೆ, ಪೂಜೇಲಿ ನಂಗೂ ಶಿವಂಗೂ ನಡುವೆ ಅದ್ಯಾಕೆ ರಶ್ಮಿ, ಅವ್ನು ಹೇಳೋದು ಹಂಗೇ ಕೇಳುತ್ತೆ ಎನ್ನುತ್ತಿದ್ದರು. ನಗುತ್ತಿದ್ದೆವು ಇಬ್ಬರೂ. ನೀ ಸೊಪ್ಪಿಗೆ ನೀರು ಹಾಕ್ತೀಯೋ ಅಭಿಷೇಕ ಮಾಡ್ತೀಯೋ ಮಾರಾಯ್ತಿ ಎಂದು ನನ್ನನ್ನು ಕೆಣಕುತ್ತಲೇ ಅದೇ ಸೊಪ್ಪಿನ ಸಾರನ್ನು ಎರಡನೇ ಸಲ ಬಡಿಸಿಕೊಳ್ಳುವ ಶಿವಗಂಗಮ್ಮ, ನನಗೆ ಜ್ವರ ಬಂದಾಗ ಮೂರು ದಿನ ತಲೆಯ ಹತ್ತಿರವೇ ಕೂತಿದ್ದ ಅತ್ತೆ, ಇವತ್ತು ಮೊಣಕಾಲು ನೋಯಲಿ ಅವರಿಗೆ, ಹೂಬುಟ್ಟಿ ಸಿಗದೆ ಹೋಗಲಿ, ಯಾರಾದರೂ ಮುಂಬಾಗಿಲಿಗೆ ಬಂದು ಮಾತಿಗೆ ಕೂರಿಸಲಿ. ಹೆದರಿಕೆಯಾಗುತ್ತಿದೆ. ಸೊಂಡಿಲ ತುದಿ ಡ್ರಮ್ಮಿನ ಅಂಚನ್ನು ಸವರುತ್ತಿದೆ, ತಳದ ಬೆಲ್ಲ ಹುಡುಕುತ್ತಿದೆ. ಬಾಗಿಲು.

ಬಾಗಿಲು ತೆರೆಯಿತು, ಅತ್ತೆ, ಒದ್ದೆ ಕೂದಲು, ಹಣೆಯಲ್ಲಿ ವಿಭೂತಿ, ಮೆಟ್ಟಿಲು ಜಾರುತ್ತದೆ ಎಂದು ನೆಲ ನೋಡಿಕೊಂಡೇ ಇಳಿಯುತ್ತಿದ್ದಾರೆ, ಒಂದು ಮೆಟ್ಟಿಲು, ತಲೆ ಎತ್ತಿ ಅತ್ತೆ, ಎರಡು, ತಲೆ ಎತ್ತಿ — ನಾನು ಎದ್ದಿದ್ದೇನೆ, ಯಾವಾಗ ಎದ್ದೆ, ಬಕೆಟ್ಟನ್ನು ಚಪ್ಪರದ ಕಲ್ಲುಕಂಬಕ್ಕೆ ಬಡಿಯುತ್ತಿದ್ದೇನೆ, ಇಲ್ಲಿ ಬಾ, ನನ್ನ ಕಡೆ ನೋಡು, ಇಲ್ಲಿ, ಆನೆ ನನ್ನ ಕಡೆ ತಿರುಗಿತು, ಡ್ರಮ್ಮು ಉರುಳಿತು, ನೀರು ಅತ್ತೆಯ ಪಾದಕ್ಕೆ ಹೋಗಿ ತಾಗಿತು, ಆಗ ತಲೆ ಎತ್ತಿದರು. ಬುಟ್ಟಿ ಬಿತ್ತು. ಒಳಗೆ ಹೋಗಿ, ಕೈ ಬೀಸುತ್ತಿದ್ದೇನೆ, ಒಳಗೆ, ಅವರು ಹೋಗುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾರೆ, ಬಾ ಎಂದು ಕೈ ಚಾಚಿದ್ದಾರೆ, ಹೇಗೆ ಬರಲಿ, ನಡುವೆ ನಿಂತಿದೆಯಲ್ಲ, ಹೋಗಿ ಅತ್ತೆ, ಕೈ ಮುಗಿಯುತ್ತೇನೆ ಹೋಗಿ — ಹಿಂದೆ ಹಿಂದೆ ಹೆಜ್ಜೆ ಇಟ್ಟರು, ಬಾಗಿಲು ಮುಚ್ಚಿತು. ಒಳಗಿದ್ದಾರೆ, ಸಾಕು, ಒಳಗಿದ್ದಾರೆ. ಚಿಲಕ ಹಾಕಿದ ಸದ್ದು ಬಂದಿಲ್ಲ, ನನಗಾಗಿ ಹಾಕದೆ ಬಿಟ್ಟಿದ್ದಾರೆ. ಹತ್ತು ಹೆಜ್ಜೆ ಈಗ ಆರಾಗಿದೆ. ಓಡಬೇಕು, ಎಡಕ್ಕೋ ಬಲಕ್ಕೋ, ಕಾಲು ಯಾವುದು ನನ್ನದು, ಸೊಂಡಿಲು ಬಸಳೆಯನ್ನು ಸರಿಸಿತು, ತುದಿ, ಒದ್ದೆ ತುದಿ, ಬೆಲ್ಲದ ವಾಸನೆ, ತೊಟ್ಟಿಕ್ಕುತ್ತಿಲ್ಲ, ತೂಗಾಡುತ್ತಿಲ್ಲ, ನನ್ನ ಮುಖಕ್ಕೆ ನೇರ, ತುದಿ —