ಲಾಂಡ್ರಿ ಅಕ್ಕ ಹೇಳಿದ್ದು

"ಸ್ವಲ್ಪ ಜರುಗಿ," ಎನ್ನುತ್ತ ಪ್ರೊಫೆಸರರು ಶವದ ತಲೆಯ ಬಳಿಯ ಸ್ಟೂಲಿನಿಂದ ಹೂವನ್ನು ನೆಲಕ್ಕಿಳಿಸಿ, ಅಲ್ಲಿ ತಮ್ಮ ಸ್ಪೀಕರ್ ಇಟ್ಟರು. "ಸಾಮಾನ್ಯರ ಚರಿತ್ರೆ ಅವರ ಬಾಯಲ್ಲೇ ಇರೋದು. ನಿಮ್ಮ ತಾಯಿ ಲಾಂಡ್ರಿ ಅಕ್ಕನ ದನಿಯನ್ನ ನಾನು ಉಳಿಸಿದ್ದೀನಮ್ಮ."

ಮಗಳು ಕಣ್ಣೊರೆಸಿಕೊಂಡು ಹತ್ತಿರ ಬಂದು ಕೂತಳು. ಅವಳ ಬಳಿ ಅಮ್ಮನ ಫೋಟೋಗಳಿದ್ದವು, ದನಿ ಇರಲಿಲ್ಲ.

ಸ್ಪೀಕರಿನಿಂದ ಬಂದದ್ದು ಪ್ರೊಫೆಸರರ ದನಿ. ಅದು ಶೋಷಣೆ ಎಂದರೇನೆಂದು ವಿವರಿಸಿತು. ಕೆಮ್ಮಿತು. ಮತ್ತೆ ವಿವರಿಸಿತು. ಏಳನೆಯ ನಿಮಿಷದಲ್ಲಿ ಲಾಂಡ್ರಿ ಅಕ್ಕ "ಹೂಂ" ಎಂದಳು. ಹತ್ತನೆಯದರಲ್ಲಿ, "ಟೀ ಆರಿಹೋಯ್ತು, ಕುಡೀರಿ." ಅಲ್ಲಿಗೆ ಮುಗಿಯಿತು.

"ಇಷ್ಟೇನಾ?" ಎಂದಳು ಮಗಳು.

"ಆಕೆ ಮಿತಭಾಷಿ."

"ನಮ್ಮಕ್ಕನಾ?" ಮೂಲೆಯಲ್ಲಿದ್ದ ನಿವೃತ್ತ ನರ್ಸ್ ಮೂಗು ಮುರಿದಳು. "ಆಸ್ಪತ್ರೆ ಗೋಡೆಗೇ ಕಿವುಡು ಹಿಡಿಸಿದೋಳು!"

*

ಆಸ್ಪತ್ರೆಯ ಬಟ್ಟೆ ಒಗೆಯುತ್ತ ಮೂವತ್ತೊಂದು ವರ್ಷ ಸವೆಸಿದ ಅಕ್ಕನನ್ನು ಪ್ರೊಫೆಸರರು ಎರಡು ವರ್ಷದ ಹಿಂದೆ ಹುಡುಕಿಕೊಂಡು ಬಂದಿದ್ದರು.

"ಆ ರಕ್ತದ ಬಟ್ಟೆ, ಆ ಬಿಸಿನೀರು... ತುಂಬ ಅತ್ತಿರಬೇಕಲ್ವಾ?"

"ಅಳೋಕೆ ಪುರುಸೊತ್ತೆಲ್ಲಿತ್ತು? ಒಂದಿನ ಏನಾಯ್ತು ಗೊತ್ತಾ, ಬಟ್ಟೆ ಕುದಿಸೋ ಬಾಯ್ಲರ್ ಕೆಟ್ಟೋಯ್ತು. ಆಪರೇಷನ್ನಿಗೆ ಕುದಿಸದೆ ಹಂಗೇ ಕೊಡು ಅಂದ್ರು ದೊಡ್ಡ ಡಾಕ್ಟ್ರು. ನಾನು ಆಪರೇಷನ್ ರೂಮಿನ ಬಾಗಿಲಲ್ಲೇ ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟೆ. ಅವ್ರು..."

ಪ್ರೊಫೆಸರರು ರೆಕಾರ್ಡರ್ ಆಫ್ ಮಾಡಿ, ಅಷ್ಟನ್ನೂ ಅಳಿಸಿದ್ದರು. "ಇದು ತಮಾಷೆ ಆಯ್ತಮ್ಮ. ನಮಗೆ ಬೇಕಾಗಿರೋದು ನೋವು."

ಕಲೆ ಹೋಗದ ಬಟ್ಟೆಯನ್ನು ನೋಡುವಂತೆ ಅಕ್ಕ ಅವರನ್ನು ನೋಡಿದಳು. "ಹಂಗಾದ್ರೆ ನೀವೇ ಹೇಳ್ಕೊಳ್ಳಿ."

ಅವರು ಮತ್ತೆ ಆನ್ ಮಾಡಿ, ಹೇಳಿಕೊಂಡರು.

*

ಶವದ ಗಾಡಿ ಹೊರಟಿತು. ಅದರ ಹಿಂದಿನ ವ್ಯಾನಿನಲ್ಲಿ ಮಗಳು, ನರ್ಸ್, ಲಾಂಡ್ರಿಯ ಹಳೆಯ ಹೆಂಗಸರು ಒತ್ತಿಕೊಂಡು ಕೂತಿದ್ದರು.

"ಆ ಗಂಟಿನ ಕತೆ ಹೇಳಿ ಚಿಕ್ಕಮ್ಮ," ಎಂದಳು ಮಗಳು. "ಅಮ್ಮನ ಥರಾನೇ ಹೇಳಿ."

ನರ್ಸ್ ಸೊಂಟಕ್ಕೆ ಕೈಕೊಟ್ಟಳು. ದನಿ ಒರಟಾಯಿತು, ಥೇಟ್ ಅಕ್ಕನದೇ. "'ಈ ಬಟ್ಟೆ ಬೇಕಂದ್ರೆ ನನ್ನನ್ನೂ ಸೇರಿಸಿ ಹೊತ್ಕೊಂಡೋಗಿ ಸಾರ್!' ದೊಡ್ಡ ಡಾಕ್ಟ್ರು ದಮ್ಮು ಕಟ್ಟಿ ಎಳೆದ್ರು ನೋಡು, ಗಂಟು ಜಗ್ಗಲಿಲ್ಲ, ಪ್ಯಾಂಟಿನ ಗುಂಡಿ ಕಿತ್ಕೊಂಡು ಹಾರ್ತು. 'ಅದನ್ನೂ ಬಿಚ್ಚಿಕೊಡಿ ಸಾರ್, ಒಗೆದು ಕೊಡ್ತೀನಿ!' ಆಪರೇಷನ್ ನಾಳೆಗೆ ಹೋಯ್ತು. ಅವತ್ತು ಪೇಷಂಟಾಗಿ ಒಳಗೆ ಮೇಜಿನ ಮೇಲೆ ಮಲಗಿದ್ದೋಳು ನಾನೇ ಕಣೇ. ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ, ಅಷ್ಟು ನೋವಲ್ಲೂ."

ಮಗಳು ಮುಖ ಮುಚ್ಚಿಕೊಂಡು ಅವಳ ಹೆಗಲಿಗೆ ಒರಗಿದಳು. ಇಡೀ ವ್ಯಾನು ನಗುವಿಗೆ ಅಲುಗಾಡುತ್ತಿತ್ತು.

ಹಿಂದಿನ ಕಾರಿನಿಂದ ಪ್ರೊಫೆಸರರಿಗೆ ಕಂಡದ್ದು ಗಾಜಿನಾಚೆ ಕುಲುಕುತ್ತಿದ್ದ ಹೆಗಲುಗಳು ಮಾತ್ರ. ಅವರು ನೋಟ್‌ಬುಕ್ ತೆಗೆದು, "ದಾರಿಯುದ್ದಕ್ಕೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು.